ಎಂಟು ಹಾಕಿದ ಮಾತ್ರಕ್ಕೆ

"ಅಮ್ಮಾ, ಬೇಸಿಕ್ ಸೇರ್ಲೋ ಅಡ್ವಾನ್ಸ್ ಸೇರ್ಲೋ?" ಎಂದು ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದಾಗ ಯಾವುದೋ ಕಂಪ್ಯೂಟರ್ ಕೋರ್ಸಿನ ಮಾತು ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಗಾಡಿ ಓಡಿಸುವುದನ್ನು ಕಲಿಸುವ ಶಿಬಿರದ ಮಾತು. ಅಲ್ಲಿ ಎರಡು ಬಗೆಯಂತೆ. ಒಂದು ಹೊಸಬರಿಗೆ, ಒಂದೇ ದಿನದ್ದು. ಇನ್ನೊಂದು ಬಲ್ಲವರಿಗೆ, ಎರಡು ದಿನದ್ದು, ಶುಲ್ಕವೂ ಹೆಚ್ಚು. "ಹತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ಈಗ ಬೇಸಿಕ್‌ಗೆ ಹೋದ್ರೆ ನಗಲ್ವಾ?" ಎಂಬುದು ಅವಳ ಸಂಕೋಚ. ಪಕ್ಕದಲ್ಲಿ ಪೇಪರು ಓದುತ್ತ ಕೂತಿದ್ದ ನಮ್ಮ ಯಜಮಾನರು ತಲೆ ಎತ್ತದೆಯೇ, "ಗಾಡಿ ಓಡ್ಸೋಕೂ ಕಾಲೇಜಾ? ಹೆಂಗಸರಿಗೆ ಪೇಟೆಗೆ ಹೋಗಿ ಬರೋಷ್ಟು ಬಂದ್ರೆ ಸಾಕಲ್ವಾ" ಅಂದರು.

ಆ "ಸಾಕಲ್ವಾ" ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಏಳನೇ ಕ್ಲಾಸು ಸಾಕಲ್ವಾ, ಪಿಯುಸಿ ಸಾಕಲ್ವಾ, ಬಿಎ ಆಯಿತಲ್ಲ ಬಿಎಡ್ ಯಾಕೆ. ಆ ಸಾಕುಗಳನ್ನೆಲ್ಲ ದಾಟಿ ಬಂದು ಮೂವತ್ತು ವರ್ಷದ ಹತ್ತಿರ ಮೇಷ್ಟ್ರಗಿರಿ ಮಾಡಿದವಳು ನಾನು. ಆದರೆ ಗಾಡಿಯ ವಿಷಯದಲ್ಲಿ ಮಾತ್ರ ಆ ಸಾಕನ್ನು ನಾನೂ ಒಪ್ಪಿಕೊಂಡಿದ್ದೆ, ಮಗಳಿಗೂ ಒಪ್ಪಿಸಿದ್ದೆ. ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ನಾವು ಗಾಡಿ ಕಲಿತದ್ದು ಹೇಗೆ? ಓದುತ್ತಿರುವ ನೀವೂ ಒಮ್ಮೆ ನೆನಪು ಮಾಡಿಕೊಳ್ಳಿ. ನನಗೆ ಕಲಿಸಿದವನು ನಮ್ಮಣ್ಣ. 1998ರ ಬೇಸಿಗೆ ರಜೆ. ಹೊಳಲ್ಕೆರೆಯಿಂದ ನಾಲ್ಕು ಮೈಲಿ ಒಳಗಿನ ಹಳ್ಳಿಯ ಸ್ಕೂಲಿಗೆ ನನ್ನನ್ನು ಹಾಕಿದ್ದರು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ತಂದು, ಸ್ಕೂಲಿನ ಮೈದಾನದಲ್ಲಿ ಮೂರು ಬೆಳಗು ಹಿಂದೆ ಹಿಂದೆ ಓಡಿ ಬಂದ. ನಾಲ್ಕನೇ ದಿನ ಕೈ ಬಿಟ್ಟ. ಅಷ್ಟೇ. ಅವನು ಕೊಟ್ಟ ಪಾಠ ಮೂರು ಮಾತಿನದು. ರೇಸು ಜಾಸ್ತಿ ಕೊಡಬೇಡ. ಎದುರಿಗೆ ಲಾರಿ ಬಂದರೆ ಪಕ್ಕಕ್ಕೆ ಇಳಿಸಿ ನಿಲ್ಲು. "ಇನ್ನೊಂದ್ ಮಾತು ನೋಡವ್ವಾ, ಬಲಗೈ ಬ್ರೇಕ್ ಮಾತ್ರ ಯಾವತ್ತೂ ಮುಟ್ಟಬೇಡ, ಮಗುಚಿ ಬೀಳ್ತೀಯ."

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟವರೂ ಹಾಗೇ ಹೇಳಿದ್ದರು. ಇಪ್ಪತ್ತು ವರ್ಷ ಆ ಮಾತನ್ನು ಮಂತ್ರದಂತೆ ಪಾಲಿಸಿದೆ. ಮಗಳು ಪಿಯುಸಿ ಮುಗಿಸಿ ಹದಿನೆಂಟು ತುಂಬಿದಾಗ ಅದೇ ಮೈದಾನದಲ್ಲಿ, ಅದೇ ಮೂರು ಬೆಳಗಿನಲ್ಲಿ, ಅದೇ ಮೂರು ಮಾತನ್ನು ಅವಳಿಗೂ ದಾಟಿಸಿದೆ.

2019ರ ನವೆಂಬರ್. ಮೆಕ್ಕೆಜೋಳ ಒಕ್ಕುವ ಕಾಲ. ಮಗಳು ಆಗ ಹೊಸದುರ್ಗದಲ್ಲಿ ಕೆಲಸದಲ್ಲಿದ್ದಳು, ವಾರಕ್ಕೊಮ್ಮೆ ನನ್ನ ಹಳೆಯ ಗಾಡಿಯಲ್ಲಿ ಮನೆಗೆ ಬರುತ್ತಿದ್ದಳು. ಕತ್ತಲು ಕವಿಯುವ ಹೊತ್ತು. ತೆನೆ ತುಂಬಿದ ಟ್ರ್ಯಾಕ್ಟರೊಂದು ರಸ್ತೆಯ ಮೇಲೇ ನಿಂತಿತ್ತು. ಹಿಂದಿನ ಟ್ರೈಲರಿಗೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ನಮ್ಮ ಕಡೆ ಇಂಥದ್ದನ್ನು ಕಾಣದವರು ಯಾರು? ಹತ್ತಿರ ಬಂದ ಮೇಲೆ ಕಂಡಿತು. ಎಡಗೈ ಬ್ರೇಕನ್ನು ಬಿಗಿಯಾಗಿ ಹಿಡಿದಳು. ಹಿಂದಿನ ಚಕ್ರ ತಿರುಗುವುದು ನಿಂತು, ಗಾಡಿ ಹಾವಿನಂತೆ ಅಡ್ಡಡ್ಡ ಜಾರಿ, ಅವಳ ಸಮೇತ ಟ್ರೈಲರಿನ ಅಡಿಗೆ ಹೋಯಿತು. ತಲೆಗೆ ಹೆಲ್ಮೆಟ್ಟಿತ್ತು, ತಲೆ ಉಳಿಯಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಪ್ಲೇಟು ಹಾಕಿದರು. ಏಳು ತಿಂಗಳು ಮನೆಯಲ್ಲಿದ್ದಳು. ಇವತ್ತಿಗೂ ಮಳೆಗಾಲದಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಮೇಲೆ ಅವಳು ನನಗೆ ಹೇಳಿದ್ದು, "ಅಮ್ಮಾ, ನೀನು ಹೇಳ್ದಂಗೇ ಮಾಡ್ದೆ. ಬಲಗೈ ಬ್ರೇಕ್ ಮುಟ್ಟಲೇ ಇಲ್ಲ."

ಟ್ರ್ಯಾಕ್ಟರಿನವನದು ತಪ್ಪು, ಅನುಮಾನವಿಲ್ಲ. ಆದರೆ ಆ ತಪ್ಪಿನ ಎದುರಿಗೆ ನನ್ನ ಮಗಳ ಕೈಯಲ್ಲಿ ನಾನು ಇಟ್ಟು ಕಳಿಸಿದ್ದ ವಿದ್ಯೆ ಎಂಥದು ಎಂದು ನನಗೆ ಗೊತ್ತಾದದ್ದು ಆಮೇಲೆ, ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದಾಗ. ಗಾಡಿ ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸಿನಲ್ಲಿ ನಿಂತವರು ಬ್ರೇಕ್ ಹಾಕಿದಾಗ ಡ್ರೈವರಿನ ಕಡೆಗೆ ವಾಲುವುದಿಲ್ಲವೇ, ಹಾಗೆ. ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಬಿಗಿದರೆ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನಿಜವಾಗಿ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಬ್ರೇಕಿನಲ್ಲಿ, ಎರಡನ್ನೂ ಕೂಡಿಸಿ, ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆಲ್ಲಗೆ ಆಮೇಲೆ ಬಲವಾಗಿ ಹಿಡಿಯುವುದರಲ್ಲಿ. ಹ್ಯಾಂಡಲ್ಲು ತಿರುಗಿದ್ದಾಗ, ಮರಳಿನ ಮೇಲೆ, ಒಮ್ಮೆಲೇ ಮುಂದಿನದನ್ನು ಹಿಡಿದರೆ ಬೀಳುವುದು ನಿಜ. ಅಣ್ಣನ ಮಾತಿನಲ್ಲಿ ಇದ್ದ ಸತ್ಯ ಅಷ್ಟೇ. ಅರ್ಧ ಸತ್ಯವನ್ನು ಪೂರ್ತಿ ಪಾಠವೆಂದು ಮೂರು ಜನ ಓದಿದೆವು.

2019ರ ಏಪ್ರಿಲ್‌ನಿಂದ ಈಚೆಗೆ ಮಾರುವ ಚಿಕ್ಕ ಗಾಡಿಗಳಲ್ಲಿ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ತಾಗುವ ಏರ್ಪಾಟು ಇರಬೇಕೆಂದು ಸರ್ಕಾರ ಕಡ್ಡಾಯ ಮಾಡಿದೆ, 125 ಸಿ.ಸಿ. ಮೀರಿದವಕ್ಕೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್. ಒಳ್ಳೆಯದೇ. ಆದರೆ ಹಳ್ಳಿ ರಸ್ತೆಯಲ್ಲಿ ಇನ್ನೂ ಓಡುತ್ತಿರುವ ಹಳೆಯ ಗಾಡಿಗಳೆಷ್ಟು, ಅವನ್ನು ಅಕ್ಕತಂಗಿಯರಿಗೆ, ಅತ್ತಿಗೆ ನಾದಿನಿಯರಿಗೆ ದಾಟಿಸಿದವರೆಷ್ಟು!

ಇದು ನಮ್ಮ ಮನೆಯೊಂದರ ಕಥೆಯೂ ಅಲ್ಲ, ನಮ್ಮ ದೇಶವೊಂದರ ಕಥೆಯೂ ಅಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬವರು ಲಾಸ್ ಏಂಜಲೀಸ್ ಕಡೆ 900 ಮೋಟಾರ್ ಸೈಕಲ್ ಅಪಘಾತಗಳ ಜಾಗಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟರು. ಬಿದ್ದವರಲ್ಲಿ ನೂರಕ್ಕೆ 92 ಮಂದಿ ತಾವಾಗಿ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಎದುರಾದಾಗ ಬಹಳ ಮಂದಿ ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಜಾರಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲಿಲ್ಲ. ಅದನ್ನು ತಿಳಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತುಬಿಟ್ಟೆ. ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ಜಗತ್ತಿಗೆ ಗೊತ್ತಿದ್ದ ಮಾತು ಹೊಳಲ್ಕೆರೆಯ ಮೈದಾನಕ್ಕೆ ಬಂದೇ ಇರಲಿಲ್ಲ.

ಹಾಗಾದರೆ ಲೈಸೆನ್ಸ್ ಕೊಡುವಾಗ ಪರೀಕ್ಷೆ ಮಾಡುವುದಿಲ್ಲವೇ? ಮಾಡುತ್ತಾರೆ. ಎಂಟು ಹಾಕಿಸುತ್ತಾರೆ. ಕಾಲು ನೆಲಕ್ಕೆ ತಾಗಿಸದೆ ಎಂಟರ ಅಂಕಿಯ ಮೇಲೆ ಗಾಡಿ ತಿರುಗಿಸಿದರೆ ಪಾಸು. ಇದನ್ನು ನಾನು ಕೀಳಾಗಿ ಕಾಣುವುದಿಲ್ಲ. ನಿಧಾನವಾಗಿ ಓಡಿಸುವುದೇ ಕಷ್ಟದ ವಿದ್ಯೆ. ಜಪಾನಿನ ಪರೀಕ್ಷೆಯಲ್ಲಿ 30 ಸೆಂಟಿಮೀಟರ್ ಅಗಲದ, 15 ಮೀಟರ್ ಉದ್ದದ ದಿಮ್ಮಿಯಂಥ ದಾರಿಯ ಮೇಲೆ ಬೈಕು ಓಡಿಸಬೇಕು, ಅದೂ ಬೇಗ ಅಲ್ಲ, 7 ಸೆಕೆಂಡಿಗೆ ಕಡಿಮೆಯಾಗದಂತೆ! ಆದರೆ ಅದೇ ಜಪಾನಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ಬ್ರೇಕ್ ಹಾಕಿ, ಒಣ ನೆಲದಲ್ಲಿ 11 ಮೀಟರಿನೊಳಗೆ ನಿಲ್ಲಿಸಿ ತೋರಿಸಲೂ ಬೇಕು. ಇಂಗ್ಲೆಂಡಿನಲ್ಲಿ 1990ರಿಂದ ಕಡ್ಡಾಯ ಮೂಲ ತರಬೇತಿಯಾಗದೆ ಹೊಸಬರು ಬೈಕನ್ನು ರಸ್ತೆಗೆ ಇಳಿಸುವಂತಿಲ್ಲ.

ನಮ್ಮ ಕಾನೂನು ಕುರುಡೇನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೆಯದನ್ನು ತೆಗೆದು ನೋಡಿ. ಕನ್ನಡಿ ಸರಿಮಾಡಿಕೊಳ್ಳುವುದು, ಸಿಗ್ನಲ್ ಕೊಡುವುದು, ಇನ್ನೊಂದು ವಾಹನವನ್ನು ದಾಟುವುದು, ತಾನು ದಾಟಿಸಿಕೊಳ್ಳುವುದು, ತುರ್ತಿನಲ್ಲಿ ನಿಲ್ಲಿಸುವುದು, ಇವೆಲ್ಲ ಅಭ್ಯರ್ಥಿಗೆ ಬರಬೇಕು ಎಂದು ಬರೆದಿದೆ. ಪಠ್ಯಪುಸ್ತಕ ಪೂರ್ತಿ ಇದೆ, ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಮೊದಲನೇ ಪಾಠದ ಒಂದೇ ಪ್ರಶ್ನೆ. ಯಾವ ಊರೆಂದು ಹೇಳುವುದಿಲ್ಲ, ನನ್ನ ಮಗಳು ಪರೀಕ್ಷೆಗೆ ಹೋದ ದಿನ ಎಂಟು ಅರ್ಧ ಆಗುತ್ತಿದ್ದಂತೆ "ಸಾಕಮ್ಮ, ಬಾ" ಎಂದು ಕರೆದರು. ಅಲ್ಲಿಯೂ ಸಾಕು!

ಇಷ್ಟು ಮಾಡಿ ಆಮೇಲೆ ನಮ್ಮನ್ನೇ ನಗುತ್ತಾರೆ. ಹೆಂಗಸರು ಎರಡೂ ಕಾಲು ಇಳಿಬಿಟ್ಟುಕೊಂಡು ಗಾಡಿ ಓಡಿಸುತ್ತಾರೆ, ಎಡಕ್ಕೆ ಲೈಟು ಹಾಕಿ ಬಲಕ್ಕೆ ತಿರುಗುತ್ತಾರೆ. ಮದುವೆ ಮನೆಯಲ್ಲಿ, ಮೊಬೈಲಿನಲ್ಲಿ, ನಾಟಕದ ಕಂಪನಿಯವರ ಹಾಸ್ಯದಲ್ಲಿ ಈ ನಗೆ ಇಲ್ಲದೆ ಇಲ್ಲ. ಕಾಲು ಇಳಿಬಿಡುವುದು ಯಾಕೆ? ಬ್ರೇಕಿನ ಮೇಲೆ ನಂಬಿಕೆ ಇಲ್ಲ, ಅದಕ್ಕೆ. ನಂಬಿಕೆ ಯಾಕಿಲ್ಲ? ಬ್ರೇಕನ್ನು ಯಾರೂ ಕಲಿಸಿಲ್ಲ, ಅದಕ್ಕೆ. ಕಾಗುಣಿತ ಕಲಿಸದೆ ಪ್ರಬಂಧ ಬರೆ ಎಂದು ಕೂರಿಸಿ, ತಪ್ಪು ಬರೆದಾಗ ಕ್ಲಾಸಿನ ಮುಂದೆ ಓದಿ ನಗಿಸುವ ಮೇಷ್ಟರನ್ನು ನೀವು ಏನನ್ನುತ್ತೀರಿ?

ಇನ್ನು ಗಂಡಸರು ಏನು ಕಲಿತಿದ್ದಾರೆ? ಅವರೂ ಮೂರು ಬೆಳಗಿನ ವಿದ್ಯಾರ್ಥಿಗಳೇ. ಅವರ ಭಂಡಧೈರ್ಯಕ್ಕೆ ನಗು ಬರುವುದಿಲ್ಲ, ಶವದ ಗಾಡಿ ಬರುತ್ತದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರಲ್ಲಿ ಹಿಂದೆ ಕೂತವರೇ 14,337. ಹಿಂದೆ ಕೂರುವವರು ಯಾರು ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಮುಂದಿನವರ ತಲೆಗೆ ಹೆಲ್ಮೆಟ್ಟು, ಹಿಂದಿನವಳ ತಲೆಗೆ ಮಲ್ಲಿಗೆ ಹೂವು. ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ದುರ್ಗದ ಬಿ.ಡಿ. ರಸ್ತೆಯಲ್ಲಿ ಅರ್ಧ ಗಂಟೆ ನಿಂತು ಎಣಿಸಿ ನೋಡಿ. (ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಜಾಲರಿ, ಹಿಡಿಕೆ, ಕಾಲಿಡುವ ಜಾಗ ಇರಬೇಕೆಂದು 123ನೇ ನಿಯಮ ಹೇಳುತ್ತದೆ. ಚೆಂದ ಕಾಣುವುದಿಲ್ಲವೆಂದು ಹುಡುಗರು ಬಿಚ್ಚಿಸುವುದು ಮೊದಲು ಅದನ್ನೇ.)

ಮಗಳ ಪ್ರಶ್ನೆಗೆ ಬರುತ್ತೇನೆ. ಬೇಸಿಕ್ಕೋ ಅಡ್ವಾನ್ಸೋ?

ನನ್ನ ಸಂಬಂಧಿಕರ ಹುಡುಗನೊಬ್ಬ ಚೆನ್ನೈ ಹತ್ತಿರದ ರೇಸಿನ ಟ್ರ್ಯಾಕಿಗೆ ಹೋಗಿ, ಮೊಣಕಾಲು ನೆಲಕ್ಕೆ ತಾಗುವಷ್ಟು ಬೈಕು ವಾಲಿಸಿ ತಿರುವು ತೆಗೆಯುವುದನ್ನು ಕಲಿತು ಬಂದ. ಸರ್ಟಿಫಿಕೇಟಿಗೆ ಗಾಜು ಹಾಕಿಸಿದ್ದಾನೆ. ಅವನನ್ನು ಹಿರಿಯೂರಿನ ಸರ್ವಿಸ್ ರಸ್ತೆಗೆ ಬಿಟ್ಟರೆ ಏನು ಮಾಡುತ್ತಾನೆ? ಅಲ್ಲಿ ಎದುರಿನಿಂದ ರಾಂಗ್ ಸೈಡಿನಲ್ಲಿ ಹಾಲಿನ ಕ್ಯಾನು ಕಟ್ಟಿದ ಬೈಕು ಬರುತ್ತದೆ, 48ನೇ ಹೆದ್ದಾರಿಯಿಂದ ಇಳಿದ ಲಾರಿ ಹಿಂದಿನಿಂದ ಬರುತ್ತದೆ, ನಡುವೆ ಆಡಿನ ಮಂದೆ. ಭೀಮಸಮುದ್ರದ ಕಡೆ ಅದಿರಿನ ಲಾರಿಯ ಧೂಳಿನಲ್ಲಿ ಎದುರಿನದು ಕಾಣುವುದಿಲ್ಲ. ಆಷಾಢದಲ್ಲಿ, ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ ನಮ್ಮ ಗುಡ್ಡಗಳ ಮೇಲೆ, ಅಡ್ಡಗಾಳಿ ಹೊಡೆದರೆ ಹಗುರವಾದ ಗಾಡಿ ಒಂದು ಮೊಳ ಪಕ್ಕಕ್ಕೆ ಹೋಗುತ್ತದೆ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಹುರುಳಿಯ ಮೇಲೆ ಬ್ರೇಕ್ ಹಾಕಿದವರಿಗೆ ಗೊತ್ತು, ಅದು ಗೋಲಿಗಳ ಮೇಲೆ ನಡೆದ ಹಾಗೆ. ಈ ರಸ್ತೆಗೆ ಬೇಕಾದದ್ದು ವಾಲುವ ವಿದ್ಯೆಯಲ್ಲ. ದೂರ ನೋಡುವ, ಮುಂಚೆಯೇ ನಿಧಾನಿಸುವ, ಬೇಕಾದಾಗ ನಿಲ್ಲುವ ವಿದ್ಯೆ.

ಮೇಲಿನ ತರಗತಿಯ ಪಾಠ ಬುಡವಿಲ್ಲದೆ ಹತ್ತಿದರೆ ಅಪಾಯವೂ ಉಂಟು. ನಾರ್ವೆ ದೇಶದಲ್ಲಿ ಕಾರು ಕಲಿಯುವ ಹೊಸಬರಿಗೆ ಜಾರುವ ನೆಲದಲ್ಲಿ ಓಡಿಸುವ ವಿಶೇಷ ತರಬೇತಿಯನ್ನು ಕಡ್ಡಾಯ ಮಾಡಿದಾಗ, ಚಿಕ್ಕ ವಯಸ್ಸಿನ ಗಂಡು ಹುಡುಗರ ಅಪಘಾತ ಇಳಿಯುವ ಬದಲು ಏರಿತು. ಜಾರಿದರೂ ಸುಧಾರಿಸಿಕೊಳ್ಳಬಲ್ಲೆ ಎಂಬ ಧೈರ್ಯ ಬಂದು ವೇಗ ಹೆಚ್ಚಿತು. ಹಾಗೆಂದು ಅಡ್ವಾನ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ಹೆದ್ದಾರಿಯಲ್ಲಿ ದಿನವೂ ಓಡಾಡುವವರು, ರಾತ್ರಿ ಪಾಳಿಯ ನರ್ಸುಗಳು, ಹಿಂದೆ ಮಗುವನ್ನು ಕೂರಿಸಿಕೊಳ್ಳುವವರು ಕಲಿಯಲೇಬೇಕು. ಆದರೆ ಮೊದಲು ಬೇಸಿಕ್, ಅದೂ ನಿಜವಾದ ಬೇಸಿಕ್.

ಮಗಳಿಗೆ ಹೇಳಿದೆ: "ಐದು ವರ್ಷ 'ಖ' ತಪ್ಪಾಗಿ ಬರೆದ ಹುಡುಗನ್ನ ಆರನೇ ಕ್ಲಾಸಿಗೆ ದಾಟಿಸಿದ್ರೆ 'ಖ' ಸರಿಹೋಗುತ್ತೇನೆ? ನೀನು ಹತ್ತು ವರ್ಷ ಓಡಿಸಿರೋದು ನನ್ನ ತಪ್ಪನ್ನ." ಎರಡು ನಿಮಿಷ ಮಾತಾಡಲಿಲ್ಲ ಅವಳು.

ಹೆಸರಿಗೆ ಮರುಳಾಗಬಾರದೆಂದೂ ಹೇಳಿದೆ. ಬೇಸಿಕ್ ಎಂದು ಕರೆದು ಎಂಟು ಹಾಕಿಸಿ ಕಳಿಸುವವರಿದ್ದಾರೆ, ಅಡ್ವಾನ್ಸ್ ಎಂದು ಕರೆದು ಫೋಟೋ ತೆಗೆದು ಕಳಿಸುವವರೂ ಇದ್ದಾರೆ. ತುರ್ತಾಗಿ ನಿಲ್ಲಿಸುವುದನ್ನು ಎಷ್ಟು ಸಲ ಮಾಡಿಸುತ್ತೀರಿ ಎಂದು ಕೇಳಬೇಕು. ಎರಡು ಸಲವೆಂದರೆ ಎದ್ದು ಬರಬೇಕು. ಒಬ್ಬ ಗುರುವಿಗೆ ಎಷ್ಟು ಜನ? ನನ್ನ ಗಾಡಿಯಲ್ಲೇ ಕಲಿಸುತ್ತೀರೋ ನಿಮ್ಮದರಲ್ಲೋ? ಎದುರಿನ ಗುಂಡಿಯನ್ನೇ ದಿಟ್ಟಿಸಿದರೆ ಗಾಡಿ ಗುಂಡಿಗೇ ಹೋಗುತ್ತದೆ, ಕಣ್ಣು ಹೋಗಬೇಕಾದ ದಾರಿಯ ಮೇಲಿರಬೇಕು. ಅದನ್ನು ಬಾಯಲ್ಲಿ ಹೇಳುತ್ತಾರೋ ಮಾಡಿಸುತ್ತಾರೋ?

"ಅದೆಲ್ಲ ಬೆಂಗಳೂರಿಗೆ ಸರಿ ಮೇಡಂ, ನಮ್ಮೂರಲ್ಲಿ ಕಲಿಸೋರು ಯಾರು? ಬಸ್ಸು ಹೆಂಗೂ ಫ್ರೀ ಆಯ್ತಲ್ಲ, ಗಾಡಿ ಯಾಕೆ ಬೇಕು?" ಎಂದು ನಮ್ಮ ಸ್ಕೂಲಿನಲ್ಲೇ ಒಬ್ಬರು ಕೇಳಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ನಾನೂ ಅದರಲ್ಲಿ ಧರ್ಮಸ್ಥಳ ನೋಡಿ ಬಂದವಳೇ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸೇ ಹೋಗದ ಹಳ್ಳಿಗೆ ಎಂಟೂ ಮುಕ್ಕಾಲಿಗೆ ಟೀಚರು, ಆಶಾ ಕಾರ್ಯಕರ್ತೆ, ಅಂಗನವಾಡಿಯವಳು ಹೇಗೆ ಮುಟ್ಟಬೇಕು?

ಕಲಿಸುವವರಿಲ್ಲ ಎಂಬ ಮಾತಿಗೆ ಉತ್ತರ ಪಕ್ಕದ ತಮಿಳುನಾಡಿನಲ್ಲಿದೆ. ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕೂಲಿ ಹೆಂಗಸರು, ಕಲ್ಲು ಒಡೆಯುವವರು, ಟೀಚರುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬಯಲಿನಲ್ಲಿ, ಹಗಲಿನಲ್ಲಿ, ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು ಕಲಿತರು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ನಮ್ಮ ಹುಡುಗಿಯರು ಸಾಲಾಗಿ ಬರುವುದನ್ನು ಗೇಟಿನಲ್ಲಿ ನಿಂತು ನೋಡಿದ ಸಂತೋಷ ನನಗಿದೆ. ಸೈಕಲ್ ಕೊಟ್ಟೆವು, ರಸ್ತೆ ಕಲಿಸಲಿಲ್ಲ. ಆ ಹುಡುಗಿಯರೇ ಈಗ ಸ್ಕೂಟರಿನಲ್ಲಿ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ನನ್ನ ಸ್ಕೂಲಿಗೆ ಬಿಡಲು ಬರುತ್ತಾರೆ.

2021ರಿಂದ ಪ್ರತಿ ನವೆಂಬರ್ 11ಕ್ಕೆ ಸರ್ಕಾರ ಓಬವ್ವನ ಜಯಂತಿ ಮಾಡುತ್ತಿದೆ. ವೇದಿಕೆಯ ಮೇಲೆ ದೊಡ್ಡವರು ಹೆಣ್ಣಿನ ಧೈರ್ಯ ಹೊಗಳುತ್ತಾರೆ. ಆ ದಿನ ಭಾಷಣದ ಜೊತೆಗೆ ನಾಲ್ಕು ತಾಲ್ಲೂಕಿನಲ್ಲಿ ನೂರು ನೂರು ಹೆಂಗಸರಿಗೆ ಬ್ರೇಕ್ ಹಿಡಿಯುವುದನ್ನು ಕಲಿಸಿದರೆ ಎಷ್ಟು ಖರ್ಚಾದೀತು? ಶಾಮಿಯಾನದ ಬಾಡಿಗೆಗಿಂತ ಕಡಿಮೆ.

ಅವರು ಮಾಡುವವರೆಗೆ ಕಾಯುವ ವಯಸ್ಸು ನನ್ನದಲ್ಲ. ಊರ ಹೊರಗೆ ಹೊಸ ಲೇಔಟೊಂದಿದೆ, ಟಾರು ಹಾಕಿದ್ದಾರೆ, ಮನೆಗಳಿನ್ನೂ ಎದ್ದಿಲ್ಲ. ತರಬೇತಿ ಕೊಟ್ಟು ನಿವೃತ್ತರಾದ ಹಿರಿಯರೊಬ್ಬರು ಭಾನುವಾರ ಬೆಳಿಗ್ಗೆ ಬರಲು ಒಪ್ಪಿದ್ದಾರೆ. ಏಳು ಜನ ಸೇರಿದ್ದೇವೆ, ಮೂವರು ಟೀಚರು, ಒಬ್ಬ ಪೋಸ್ಟಾಫೀಸಿನಾಕೆ, ಇಬ್ಬರು ಅಂಗನವಾಡಿಯವರು, ಬಟ್ಟೆ ಅಂಗಡಿಯ ಹುಡುಗಿಯೊಬ್ಬಳು. ಸ್ಪೋರ್ಟ್ಸ್ ಡೇಗೆ ಉಳಿದಿದ್ದ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತೇವೆ. 20ರ ವೇಗದಿಂದ ಶುರು, ಈಗ 30ಕ್ಕೆ ಬಂದಿದ್ದೇವೆ. 40ಕ್ಕೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಮೊದಲನೇ ವಾರ ನನ್ನ ಬಲಗೈಯ ಬೆರಳು ಬ್ರೇಕಿನ ಮೇಲೆ ಬರಲೇ ಒಪ್ಪಲಿಲ್ಲ. ಇಪ್ಪತ್ತೈದು ವರ್ಷದ ಹೆದರಿಕೆ ಅಲ್ಲಿ ಕೂತಿತ್ತು. ಹದಿನಾಲ್ಕನೇ ಸಲಕ್ಕೆ ಗಾಡಿ ಒಂದು ಗೇಣೂ ಅಡ್ಡ ಹೋಗದೆ ಗೆರೆಯ ಈಚೆಗೆ ನಿಂತಿತು. ಪೋಸ್ಟಾಫೀಸಿನಾಕೆ ಚಪ್ಪಾಳೆ ತಟ್ಟಿದರು.

ಮಗಳು ಬೇಸಿಕ್ ಸೇರಿದಳು. ಸಂಜೆ ಫೋನು ಮಾಡಿದಾಗ ದನಿ ಬಳಲಿತ್ತು. ಬ್ರೇಕಿನ ಪಾಠವನ್ನು ಇಪ್ಪತ್ತೆರಡು ಸಲ ಮಾಡಿಸಿದರಂತೆ. ಅಡ್ವಾನ್ಸಿಗೆ ಯಾವಾಗ ಎಂದು ಕೇಳಿದೆ. "ಮೊದ್ಲು ಇದು ಕೈಗೆ ಹತ್ಲಿ ತಡಿ," ಅಂದಳು. ಆಮೇಲೆ ಕೇಳಿದಳು, "ಅಮ್ಮಾ, ಅಪ್ಪಂಗೆ ಯಾರು ಕಲಿಸಿದ್ದು?"

ಯಜಮಾನರು ಪೇಪರು ಮಡಿಸಿ ಎದ್ದು ಹೋದರು. ಹೋದ ಭಾನುವಾರ ನಮ್ಮ ಸುಣ್ಣದ ಗೆರೆಯ ಹತ್ತಿರ, ವಾಕಿಂಗ್ ಬಂದವರ ಹಾಗೆ, ಸ್ವಲ್ಪ ಹೊತ್ತು ನಿಂತಿದ್ದರು.